ಹತ್ತನೇ ತರಗತಿಯ ಜಗತ್ತಿನ ಇತಿಹಾಸ: ಗೈಡು ಬಾಯಿಪಾಠ ಮಾಡುವುದೊಂದೇ ದಾರಿಯೇ?

ಹೇಮಾವತಿ ದಂಡೆ (ಹಾಸನ)

ಗಣಿತಕ್ಕೆ, ವಿಜ್ಞಾನಕ್ಕೆ ಟ್ಯೂಷನ್ ಹಾಕಿದ್ದೇವೆ. ಸಮಾಜ ವಿಜ್ಞಾನಕ್ಕೆ ಯಾರಾದರೂ ಟ್ಯೂಷನ್ ಹಾಕುತ್ತಾರೆಯೇ ಎಂದು ಸುಮ್ಮನಿದ್ದೆವು. ಈಗ ನೋಡಿದರೆ ಮಗಳು ಜಾಗತಿಕ ಯುದ್ಧಗಳ ಪಾಠವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಾಳೆ. ಸಾಮ್ರಾಜ್ಯಶಾಹಿ ಪೈಪೋಟಿ, ಉಗ್ರ ರಾಷ್ಟ್ರೀಯತೆ, ಶಸ್ತ್ರಾಸ್ತ್ರ ಸ್ಪರ್ಧೆ, ಕೂಟಗಳು, ಕೊನೆಗೆ ತಕ್ಷಣದ ಕಾರಣ. ಒಂದು ಅಕ್ಷರ ಆಚೀಚೆ ಆಗುವುದಿಲ್ಲ. ಮೊನ್ನೆ ಅಡುಗೆಮನೆಯಿಂದಲೇ ಕೇಳಿದೆ: ಸತ್ತವನು ಆಸ್ಟ್ರಿಯಾದ ಯುವರಾಜ, ಕೊಂದವನು ಸರ್ಬಿಯಾದ ಪರ ಇದ್ದವನು, ಹಾಗಿದ್ದರೆ ಜರ್ಮನಿ ಹೋಗಿ ಬೆಲ್ಜಿಯಂ ಮೇಲೆ ಬಿದ್ದದ್ದು ಯಾಕೆ? "ಅದು ಪರೀಕ್ಷೆಗೆ ಬರುವುದಿಲ್ಲ ಅಮ್ಮ" ಎಂದು ಪುಟ ತಿರುಗಿಸಿದಳು.

ಅಂಕ ಬರುತ್ತದೆ, ಆ ಚಿಂತೆ ನನಗಿಲ್ಲ. ಆದರೆ ಇಷ್ಟು ದೊಡ್ಡ ಕಥೆಯನ್ನು ಇಷ್ಟು ಒಣಗಿಸಿ ಓದಬೇಕೇ? ಹೈಸ್ಕೂಲು ಮಕ್ಕಳು ಆಧುನಿಕ ಜಗತ್ತಿನ ಇತಿಹಾಸವನ್ನು ಅರ್ಥ ಮಾಡಿಕೊಂಡು ಓದುವ ದಾರಿ ಯಾರಾದರೂ ಕಂಡಿದ್ದರೆ ಹೇಳಿ. ಮೇಷ್ಟ್ರುಗಳೂ ಇಲ್ಲಿದ್ದೀರಿ ಎಂದು ಗೊತ್ತು.

ಅರಸೀಕೆರೆ ಜಂಕ್ಷನ್

ಬೆಲ್ಜಿಯಂ ಪ್ರಶ್ನೆಗೆ ಉತ್ತರ ರೈಲಿನಲ್ಲಿದೆ. ನಾನು ರೈಲ್ವೆಯಲ್ಲಿ ಇದ್ದವನು ಎಂಬ ಕಾರಣಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಅಲ್ಲೇ ಇದೆ.

1914ರ ಜೂನ್ 28ರಂದು ಸರಜೆವೊದಲ್ಲಿ ಕೊಲೆ ನಡೆಯಿತು. ಮಾರನೆಯ ದಿನವೇ ಯುದ್ಧ ಶುರುವಾಯಿತು ಎಂದು ಮಕ್ಕಳು ತಿಳಿದಿರುತ್ತಾರೆ. ಇಲ್ಲ. ಆಸ್ಟ್ರಿಯಾ ಸರ್ಬಿಯಾಕ್ಕೆ ಅಂತಿಮ ಎಚ್ಚರಿಕೆ ಕಳಿಸಿದ್ದು ಜುಲೈ 23ಕ್ಕೆ, ಯುದ್ಧ ಸಾರಿದ್ದು 28ಕ್ಕೆ. ಸರ್ಬಿಯಾದ ಬೆನ್ನಿಗೆ ನಿಂತ ರಷ್ಯಾ ಸೈನ್ಯ ಜಮಾಯಿಸಲು ಹೊರಟಿತು. ಜರ್ಮನಿಗೆ ಭಯ ಹುಟ್ಟಿದ್ದು ಆಗ. ಪೂರ್ವದಲ್ಲಿ ರಷ್ಯಾ, ಪಶ್ಚಿಮದಲ್ಲಿ ರಷ್ಯಾದ ಮಿತ್ರ ಫ್ರಾನ್ಸ್. ಇಬ್ಬರೊಂದಿಗೂ ಏಕಕಾಲಕ್ಕೆ ಹೋರಾಡಲಾಗದು. ರಷ್ಯಾ ವಿಶಾಲ ದೇಶ, ಅದರ ಸೈನ್ಯ ಗಡಿಗೆ ಬರುವುದು ತಡ. ಅಷ್ಟರೊಳಗೆ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಮುಗಿಸಿ ಪೂರ್ವಕ್ಕೆ ತಿರುಗಬೇಕು ಎಂಬುದು ವರ್ಷಗಳ ಹಿಂದೆಯೇ ಸಿದ್ಧವಾಗಿದ್ದ ಯೋಜನೆ. ಫ್ರಾನ್ಸಿನ ಗಡಿಯಲ್ಲಿ ಕೋಟೆಗಳ ಸಾಲು. ಸುತ್ತಿ ಹೋಗಲು ಸಮತಟ್ಟಾದ ದಾರಿ ಇದ್ದದ್ದು ಬೆಲ್ಜಿಯಂ ಮೂಲಕ. ಬೆಲ್ಜಿಯಂ ತಟಸ್ಥವಾಗಿರಬೇಕು ಎಂದು 1839ರಲ್ಲಿ ಬ್ರಿಟನ್ ಸಹಿ ಹಾಕಿತ್ತು, ಆದ್ದರಿಂದ ಆಗಸ್ಟ್ 4ಕ್ಕೆ ಬ್ರಿಟನ್ನೂ ಇಳಿಯಿತು. ಬ್ರಿಟನ್ ಇಳಿದ ಮೇಲೆ ನಮ್ಮನ್ನು ಕೇಳುವವರು ಯಾರು, ಭಾರತವೂ ಯುದ್ಧದೊಳಗೆ.

ರೈಲು ಎಲ್ಲಿ ಬಂತು ಎಂದರೆ, ಆಗಸ್ಟ್ 1ರಂದು ಜರ್ಮನಿಯ ಚಕ್ರವರ್ತಿ ತನ್ನ ಸೇನಾಧಿಪತಿ ಮೋಲ್ಟ್ಕೆಯನ್ನು ಕರೆದು, ಪಶ್ಚಿಮ ಬೇಡ, ಎಲ್ಲ ಸೈನ್ಯವನ್ನೂ ಪೂರ್ವಕ್ಕೆ ತಿರುಗಿಸು ಎಂದ. ಆಗುವುದಿಲ್ಲ ಎಂದು ಮೋಲ್ಟ್ಕೆ ಕೈ ಚೆಲ್ಲಿದ. ಲಕ್ಷಾಂತರ ಸೈನಿಕರನ್ನು, ಕುದುರೆಗಳನ್ನು, ಫಿರಂಗಿಗಳನ್ನು ಹೊತ್ತ ಸಾವಿರಾರು ರೈಲುಗಳ ವೇಳಾಪಟ್ಟಿಯನ್ನು ರಾತ್ರೋರಾತ್ರಿ ಬದಲಿಸುವುದು ಎಂದರೇನು ಎಂದು ಆ ಕೆಲಸ ಮಾಡಿದವರಿಗೆ ಗೊತ್ತು.

ಬೇಲೂರು ಬಸ್ ನಿಲ್ದಾಣ

ಇದನ್ನೆಲ್ಲ ನಾಲ್ಕು ಅಂಕದ ಪ್ರಶ್ನೆಗೆ ಬರೆದರೆ ಎರಡು ಅಂಕ ಸಿಗುತ್ತದೆ, ಮುಂದಿನ ಪ್ರಶ್ನೆಗೆ ಸಮಯ ಸಿಗುವುದಿಲ್ಲ.

ಮಲೆನಾಡ ಮೇಷ್ಟ್ರು (ಮೂಡಿಗೆರೆ)

ಬಸ್ ನಿಲ್ದಾಣದವರ ಮಾತು ಕಹಿಯಾದರೂ ಸುಳ್ಳಲ್ಲ. ಮೌಲ್ಯಮಾಪಕನ ಕೈಯಲ್ಲಿ ಅಂಶಗಳ ಪಟ್ಟಿ ಇರುತ್ತದೆ. ಮುಂದೆ ಉತ್ತರ ಪತ್ರಿಕೆಗಳ ಕಟ್ಟು ಇರುತ್ತದೆ. ಮಗು ಮೋಲ್ಟ್ಕೆಯ ಕಥೆ ಬರೆದು "ಕೂಟಗಳು" ಎಂಬ ಪದವನ್ನೇ ಬಿಟ್ಟರೆ ನಾನು ಅಂಕ ಕೊಡುವುದು ಹೇಗೆ?

ಇನ್ನೊಂದು ಮಾತು. ಸಮಾಜ ವಿಜ್ಞಾನ ಎಂದರೆ ಇತಿಹಾಸ ಮಾತ್ರ ಅಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಒಂದೇ ಪುಸ್ತಕ, ಒಬ್ಬನೇ ಮೇಷ್ಟ್ರು. ನಾನು ಓದಿದ್ದು ಅರ್ಥಶಾಸ್ತ್ರ. ರಷ್ಯಾದ ಕ್ರಾಂತಿಯನ್ನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಪಾಠ ಒಣಗಿದೆ ಎನ್ನುವವರು ಮಳೆಗಾಲದಲ್ಲಿ ಒಮ್ಮೆ ನಮ್ಮ ಶಾಲೆಗೆ ಬನ್ನಿ. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಲೆನಿನ್ ಹೆಸರು ಮೂರನೇ ಬೆಂಚಿಗೆ ಕೇಳಿಸುವುದಿಲ್ಲ. ಬೋರ್ಡಿನ ಮೇಲೆ ಅಂಶಗಳನ್ನು ಬರೆಯುವುದೊಂದೇ ಗತಿ.

ಹಾಗೆಂದು ನಾನು ಗೈಡಿನ ಪಕ್ಷವಲ್ಲ. ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಐದು ಕಾರಣ ಬರೆಯಿರಿ, ಪ್ರತಿಯೊಂದರ ಕೆಳಗೂ "ಆದ್ದರಿಂದ" ಎಂದು ಇನ್ನೊಂದು ವಾಕ್ಯ ಬರೆಯಿರಿ. "ಯುರೋಪಿನಲ್ಲಿ ಎರಡು ಕೂಟಗಳಿದ್ದವು, ಆದ್ದರಿಂದ ಇಬ್ಬರ ಜಗಳಕ್ಕೆ ಉಳಿದವರೂ ಬರಬೇಕಾಯಿತು." ಆ ಎರಡನೆಯ ವಾಕ್ಯ ಗೈಡಿನಲ್ಲಿ ಇರುವುದಿಲ್ಲ. ಅದನ್ನು ಬರೆಯಬಲ್ಲ ಮಗುವಿಗೆ ಪಾಠ ಅರ್ಥವಾಗಿದೆ, ಅಂಕವೂ ಕೈತಪ್ಪುವುದಿಲ್ಲ.

ಕಾಫಿ ಹೂವು (ಸಕಲೇಶಪುರ)

ನಮ್ಮ ಜಿಲ್ಲೆಗಳ ಮಕ್ಕಳಿಗೆ ಜಗತ್ತಿನ ಇತಿಹಾಸ ಕಲಿಸಲು ಇಷ್ಟೊಂದು ಒದ್ದಾಟ ಯಾಕೆ? ತೋಟಕ್ಕೆ ಕರೆದುಕೊಂಡು ಹೋಗಿ.

1929ರ ಆರ್ಥಿಕ ಮಹಾಕುಸಿತ ಎಂದು ಪುಸ್ತಕದಲ್ಲಿ ಎರಡು ಸಾಲು ಇರುತ್ತದೆ. ಅಮೆರಿಕದಲ್ಲಿ ಷೇರು ಬಿದ್ದರೆ ಮಗುವಿಗೇನು? ಕಾಫಿ ಕೊಳ್ಳುವವರಿಲ್ಲದೆ ಬ್ರೆಜಿಲ್ ದೇಶ 1931ರಿಂದ 1944ರವರೆಗೆ ಸುಮಾರು 7.8 ಕೋಟಿ ಚೀಲ ಕಾಫಿಯನ್ನು ಸುಟ್ಟು, ಸಮುದ್ರಕ್ಕೆ ಸುರಿದು ನಾಶ ಮಾಡಿತು ಎಂದು ಹೇಳಿ. ರೈಲು ಎಂಜಿನ್ನಿಗೂ ಉರುವಲಾಗಿ ಹಾಕಿದರು. ಚೀಲಕ್ಕೆ 60 ಕಿಲೊ. ಕೊಯ್ಲಿನ ಕಷ್ಟ ಕಂಡ ನಮ್ಮ ಕಡೆಯ ಮಗು ಬಾಯಿ ತೆರೆದು ಕೇಳುತ್ತದೆ.

ಎರಡನೆಯ ಮಹಾಯುದ್ಧ ಬಂತು, ಯುರೋಪಿನ ಮಾರುಕಟ್ಟೆ ಮುಚ್ಚಿತು, ನಮ್ಮ ಕಾಫಿ ಇಲ್ಲೇ ಕೊಳೆಯುವ ಸ್ಥಿತಿ. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯ್ದೆ. ಬೆಳೆದವನು ಬೆಳೆದದ್ದನ್ನೆಲ್ಲ ಪೂಲ್‌ ಎಂಬ ಒಟ್ಟು ಸಂಗ್ರಹಕ್ಕೆ ಕೊಡಬೇಕು, ಕಾಫಿ ಮಂಡಳಿ ಮಾರಿ ಕಂತಿನಲ್ಲಿ ಹಣ ಕೊಡುತ್ತದೆ. ಯುದ್ಧಕ್ಕೆಂದು ಮಾಡಿದ ಆ ಏರ್ಪಾಡು 1990ರ ದಶಕದವರೆಗೆ ನಡೆಯಿತು. ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಜ್ಜನ ಪೂಲ್ ರಸೀದಿಗಳು ಇನ್ನೂ ಇವೆ. ಕಾಗದ ಹಳದಿಯಾಗಿದೆ, ತುಕ್ಕು ಹಿಡಿದ ಗುಂಡುಪಿನ್ನಿನ ಗುರುತು ಎಲ್ಲ ಹಾಳೆಗಳ ಮೂಲೆಯಲ್ಲೂ ಬಿದ್ದಿದೆ. ಇದು ಹಿಟ್ಲರನಿಂದ ನಮ್ಮ ಮನೆಗೆ ಬಂದ ಕಾಗದ ಎಂದು ತಮ್ಮನ ಮಗನಿಗೆ ಹೇಳಿದರೆ ನಂಬಲೇ ಇಲ್ಲ.

ಶೀತಲ ಸಮರ ಬೇಕೇ? 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದಕ್ಕೆ ಅಮೆರಿಕ ಒಪ್ಪಿದ್ದರ ಹಿಂದೆ, ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕವೂ ಕ್ಯೂಬಾದ ಹಾಗೆ ಕಮ್ಯುನಿಸ್ಟ್ ದಾರಿ ಹಿಡಿದೀತು ಎಂಬ ಭಯವಿತ್ತು. ಬರ್ಲಿನ್ ಗೋಡೆ ಬಿದ್ದ 1989ರಲ್ಲೇ ಆ ಒಪ್ಪಂದದ ಕೋಟಾ ಪದ್ಧತಿಯೂ ಬಿತ್ತು, ಬೆಲೆ ಪಾತಾಳಕ್ಕೆ ಹೋಯಿತು. ನಮ್ಮಿಂದ ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ, ಅದು 1991ರಲ್ಲಿ ಇಲ್ಲವಾಯಿತು.

ಲೈನ್ ಮನೆ (ಬಾಳೆಹೊನ್ನೂರು)

ಕಾಫಿ ಹೂವು ಅವರೇ, ಚೆನ್ನಾಗಿದೆ. ಆದರೆ ಇದು ತೋಟದ ಮಾಲೀಕರ ಜಗತ್ತಿನ ಇತಿಹಾಸ. ಪೆಟ್ಟಿಗೆಯಲ್ಲಿ ರಸೀದಿ ಇದ್ದವರದ್ದು. ರಸೀದಿಯೇ ಇಲ್ಲದವರ ಕಥೆ ಎಲ್ಲಿ?

ನಾನು ತೋಟದ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು. ನಮಗೂ ಒಂದು ಜಾಗತಿಕ ಇತಿಹಾಸ ಇದೆ. 1869ರಲ್ಲಿ ಸಿಲೋನಿನ (ಇಂದಿನ ಶ್ರೀಲಂಕಾ) ಕಾಫಿ ಗಿಡಗಳಿಗೆ ಎಲೆ ತುಕ್ಕು ರೋಗ ಬಂತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾಫಿ ನೆಲಕಚ್ಚಿತು, ಬ್ರಿಟಿಷರು ಚಹಾಕ್ಕೆ ತಿರುಗಿದರು. ಚಹಾಕ್ಕೆ ವರ್ಷವಿಡೀ ಕೆಲಸ, ಆದ್ದರಿಂದ ಕೊಯ್ಲಿಗೆ ಬಂದು ಹೋಗುತ್ತಿದ್ದ ತಮಿಳು ಕೂಲಿಗಳು ಅಲ್ಲೇ ನೆಲೆಸಿದರು. ಸ್ವಾತಂತ್ರ್ಯ ಬಂದ 1948ರಲ್ಲೇ ಸಿಲೋನಿನ ಪೌರತ್ವ ಕಾಯ್ದೆ ಅವರಲ್ಲಿ ಬಹುಪಾಲು ಜನರನ್ನು ದೇಶವಿಲ್ಲದವರನ್ನಾಗಿ ಮಾಡಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಕುಳಿತು 5.25 ಲಕ್ಷ ಜನ ಭಾರತಕ್ಕೆ, 3 ಲಕ್ಷ ಜನ ಸಿಲೋನಿಗೆ ಎಂದು ಹಂಚಿಕೊಂಡರು. ಉಳಿದ ಒಂದೂವರೆ ಲಕ್ಷ ಜನರ ವಿಷಯ ಆಮೇಲೆ ನೋಡೋಣ ಎಂದರು. ಹಾಗೆ ಬಂದವರಲ್ಲಿ ಕೆಲವರು ಘಟ್ಟದ ಕೆಳಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿದ್ದಾರೆ. ವಸಾಹತುಶಾಹಿಯ ಪರಿಣಾಮಗಳು ಎಂಬ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಕೇ?

ಕಾಫಿ ಹೂವು (ಸಕಲೇಶಪುರ)

ಒಪ್ಪುತ್ತೇನೆ, ಆದರೆ ನಮ್ಮದು ಎಂಟು ಎಕರೆ. ಎಂಟು ಎಕರೆಯವನನ್ನು ಮಾಲೀಕ ವರ್ಗ ಎಂದರೆ ಮಾರ್ಕ್ಸ್ ಕೂಡ ಒಪ್ಪುವುದಿಲ್ಲ.

ಲೈನ್ ಮನೆ (ಬಾಳೆಹೊನ್ನೂರು)

ಮಾರ್ಕ್ಸ್ ಒಪ್ಪದಿರಬಹುದು, ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಒಪ್ಪುತ್ತಾನೆ.

ಹತ್ತನೇ ಬಿ ವಿಭಾಗ

ನಾನು ಪರೀಕ್ಷೆ ಬರೆಯುವವನು. ದೊಡ್ಡವರು ಇಷ್ಟು ಬರೆದಿದ್ದೀರಿ, ಯಾರೂ ನಮ್ಮನ್ನು ಕೇಳಲಿಲ್ಲ. ನಮಗೆ ಕಥೆ ಇಷ್ಟ, ಬೇಡ ಎಂದವರು ಯಾರು. ಹೆಸರುಗಳೇ ಕಷ್ಟ. ಇಸವಿಯೂ ಕಷ್ಟ. ಒಂದು ಪ್ರಶ್ನೆ: ಕಾನ್‌ಸ್ಟಾಂಟಿನೋಪಲ್ ಪತನವಾದ್ದರಿಂದ ಯುರೋಪಿಯನ್ನರು ಭಾರತಕ್ಕೆ ಸಮುದ್ರ ಮಾರ್ಗ ಹುಡುಕಿದರು ಎಂದು ಬರೆದರೆ ಪೂರ್ತಿ ಅಂಕ. ಆದರೆ ಅಂತರ್ಜಾಲದಲ್ಲಿ ಒಬ್ಬರು ಅದು ಸುಳ್ಳು ಎಂದರು. ಯಾವುದು ಸರಿ?

ಹಳೇಬೀಡು ಹಾದಿ

ಸುಳ್ಳು ಎನ್ನುವುದು ಅತಿಯಾಯಿತು, ಅರ್ಧ ಎನ್ನಬಹುದು. 1453ರಲ್ಲಿ ಆಟೊಮನ್ ತುರ್ಕರು ನಗರ ಹಿಡಿದದ್ದು ನಿಜ, ಸುಂಕದ ಕಾಟ ಇದ್ದದ್ದೂ ನಿಜ. ಆದರೆ ವ್ಯಾಪಾರಕ್ಕೆ ಬೀಗ ಬೀಳಲಿಲ್ಲ. ಮಾರನೆಯ ವರ್ಷ, 1454ರಲ್ಲಿ, ವೆನಿಸ್ ನಗರ ಅದೇ ಸುಲ್ತಾನನೊಂದಿಗೆ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. ನಮ್ಮ ಮೆಣಸು ಬಹುಪಾಲು ಹೋಗುತ್ತಿದ್ದದ್ದು ಕೆಂಪು ಸಮುದ್ರ ಹಾದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಮೂಲಕ. ಈಜಿಪ್ಟ್ ಆಟೊಮನ್ನರ ಕೈಗೆ ಬಂದದ್ದು 1517ರಲ್ಲಿ. ಅಷ್ಟರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದು ಸುಮಾರು ಇಪ್ಪತ್ತು ವರ್ಷ ಆಗಿತ್ತು!

ಪೋರ್ಚುಗೀಸರು ಆಫ್ರಿಕಾದ ಸ್ಯೂಟಾ ಹಿಡಿದದ್ದು 1415ರಲ್ಲಿ, ನಗರ ಬೀಳುವುದಕ್ಕೆ 38 ವರ್ಷ ಮೊದಲು. ಅವರಿಗೆ ಬೇಕಿದ್ದದ್ದು ಆಫ್ರಿಕಾದ ಚಿನ್ನ, ಆಮೇಲೆ ಗುಲಾಮರು, ಆಮೇಲೆ ವೆನಿಸ್ ಮತ್ತು ಅರಬ್ಬರಿಬ್ಬರನ್ನೂ ಬಿಟ್ಟು ನೇರವಾಗಿ ಮೆಣಸು. ನೋಡು ತಮ್ಮ, ಇಸವಿ ಕಷ್ಟ ಎಂದೆಯಲ್ಲ, ಈ ವಾದವನ್ನು ಇಸವಿ ಇಲ್ಲದೆ ಮಾಡಲು ಆಗುತ್ತದೆಯೇ? 1415, 1453, 1498, 1517. ನಾಲ್ಕನ್ನು ಸಾಲಾಗಿ ಇಟ್ಟರೆ ಪುಸ್ತಕದ ವಾಕ್ಯ ತಾನಾಗಿಯೇ ಅಲುಗಾಡುತ್ತದೆ.

ಮಲೆನಾಡ ಮೇಷ್ಟ್ರು (ಮೂಡಿಗೆರೆ)

ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನೇ ಬರೆಯಪ್ಪ. ವಾದವನ್ನು ಪಿಯುಸಿಗೆ ಇಟ್ಟುಕೋ.

ಹಳೇಬೀಡು ಹಾದಿ

ಪಿಯುಸಿಯಲ್ಲಿ ಆತ ವಿಜ್ಞಾನ ತೆಗೆದುಕೊಳ್ಳುತ್ತಾನೆ ಮೇಷ್ಟ್ರೇ. ಇತಿಹಾಸ ಓದುವ ಕೊನೆಯ ವರ್ಷ ಇದೇ. ಅದಕ್ಕೇ ಈಗ ಹೇಳುತ್ತಿದ್ದೇನೆ.

ಮಂಜರಾಬಾದ್ ನಕ್ಷತ್ರ (ಸಕಲೇಶಪುರ)

ಫ್ರೆಂಚ್ ಕ್ರಾಂತಿಗೆ ನಮ್ಮೂರ ಮಂಜರಾಬಾದ್ ಕೋಟೆ ಸಾಕು. ದೋಣಿಗಾಲ್ ಹತ್ತಿರ ಮೆಟ್ಟಿಲು ಹತ್ತಿ ಮೇಲೆ ಹೋದರೆ ಎಂಟು ಮೂಲೆಯ ನಕ್ಷತ್ರ. 1792ರ ಹೊತ್ತಿಗೆ ಟಿಪ್ಪು ಕಟ್ಟಿಸಿದ್ದು, ಮಾದರಿ ಮಾತ್ರ ಹದಿನಾಲ್ಕನೆಯ ಲೂಯಿಯ ಎಂಜಿನಿಯರ್ ವೊಬಾನ್ ಬಳಸಿದ್ದು. ಗೋಡೆ ನೇರವಾಗಿದ್ದರೆ ಬುಡಕ್ಕೆ ಬಂದ ಶತ್ರು ಮೇಲಿದ್ದವರ ಗುಂಡಿಗೆ ಸಿಗುವುದಿಲ್ಲ. ಮೂಲೆಗಳು ಹೊರಚಾಚಿದ್ದರೆ ಅವನು ಎಲ್ಲಿ ನಿಂತರೂ ಪಕ್ಕದ ಮೂಲೆಯಿಂದ ಕಾಣುತ್ತಾನೆ. ಗೋಡೆಯ ಕಿಂಡಿಗೆ ಕಣ್ಣಿಟ್ಟರೆ ಎದುರಿನ ಗೋಡೆಯ ಬುಡ ಕಾಣುತ್ತದೆ, ಮಕ್ಕಳಿಗೆ ಅದನ್ನು ತೋರಿಸಿ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಕ್ರಾಂತಿಕಾರಿಗಳದ್ದೇ ಆದ ಜಾಕೋಬಿನ್ ಕ್ಲಬ್ ಸ್ಥಾಪಿಸಿ ಸ್ವಾತಂತ್ರ್ಯದ ಗಿಡ ನೆಟ್ಟ, ತನ್ನನ್ನು ನಾಗರಿಕ ಟಿಪ್ಪು ಎಂದು ಕರೆದುಕೊಂಡ. ಪ್ಯಾರಿಸ್ಸಿನ ಕ್ರಾಂತಿ ಘಟ್ಟ ಹತ್ತಿದ್ದು ಹೀಗೆ.

ಹಳೇಬೀಡು ಹಾದಿ

ಕೋಟೆಯ ಮಾತು ಸರಿ. ಕ್ಲಬ್ಬಿನ ಮಾತನ್ನು ಮಕ್ಕಳಿಗೆ ಹೇಳುವಾಗ ಜಾಗ್ರತೆ. ಆ ಕ್ಲಬ್ಬಿನ ಕಡತ ಬೆಳಕಿಗೆ ತಂದವರು ಶ್ರೀರಂಗಪಟ್ಟಣ ಗೆದ್ದ ಬ್ರಿಟಿಷರೇ. ಟಿಪ್ಪು ಫ್ರೆಂಚರ ಜೊತೆ ಸೇರಿದ್ದ, ಆದ್ದರಿಂದ ಯುದ್ಧ ಅನಿವಾರ್ಯವಾಗಿತ್ತು ಎಂದು ಸಮರ್ಥಿಸಿಕೊಳ್ಳಲು ಅವರಿಗೆ ಅದು ಬೇಕಿತ್ತು. ಅಲ್ಲಿದ್ದ ಫ್ರೆಂಚ್ ಸಿಪಾಯಿಗಳ ಸಭೆಯನ್ನು ಟಿಪ್ಪುವಿನದೇ ಕ್ಲಬ್ ಎನ್ನುವುದನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ.

ಗಟ್ಟಿಯಾದ ಸಂಗತಿಗಳೇ ಇವೆಯಲ್ಲ. 1788ರ ಆಗಸ್ಟ್‌ನಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಸೈನ್ಯ ಕೇಳಿದರು, ಕುಶಲಕರ್ಮಿಗಳನ್ನು ಕೇಳಿದರು. ಖಜಾನೆ ಖಾಲಿಯಾಗಿದ್ದ ರಾಜ ಸೈನ್ಯ ಎಲ್ಲಿಂದ ಕೊಡುತ್ತಾನೆ? ಮುಂದಿನ ಜುಲೈನಲ್ಲಿ ಪ್ಯಾರಿಸ್ಸಿನ ಬಾಸ್ತಿಲ್ ಸೆರೆಮನೆ ಬಿತ್ತು, 1793ರ ಜನವರಿಯಲ್ಲಿ ರಾಜನ ತಲೆಯೇ ಹೋಯಿತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ, ಅದು ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಮಂಜರಾಬಾದ್ ನಕ್ಷತ್ರ (ಸಕಲೇಶಪುರ)

ಪ್ರಶ್ನಿಸಿದ್ದಾರೆ ಎಂದರೆ ಸುಳ್ಳು ಎಂದಾಯಿತೇ? ಗಿಡ ನೆಟ್ಟ ಕಥೆ ಮಕ್ಕಳಿಗೆ ನೆನಪಿರುತ್ತದೆ, ನಿಮ್ಮ ರಾಯಭಾರಿಗಳು ನೆನಪಿರುವುದಿಲ್ಲ.

ಬೇಲೂರು ಬಸ್ ನಿಲ್ದಾಣ

ಟಿಪ್ಪು ಬಂದ, ಇನ್ನು ಈ ಚರ್ಚೆ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ದಯವಿಟ್ಟು ಯುರೋಪಿಗೆ ವಾಪಸ್ ಹೋಗೋಣ.

ಕಳಸದ ಮಳೆ

ಯುರೋಪು ಯಾಕೆ, ಇರಾನಿಗೆ ಬನ್ನಿ. ನಮ್ಮ ಜಿಲ್ಲೆಯಷ್ಟು ನೇರವಾಗಿ ಇರಾನಿನ ಕ್ರಾಂತಿಯ ಪೆಟ್ಟು ತಿಂದ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂದು ನನ್ನ ವಾದ.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳಿಗೂ ಇಸ್ರೇಲಿಗೂ ಯುದ್ಧ. ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ನಾವು ಪೆಟ್ರೋಲಿಗೆ ಬಾಯಿ ಬಿಟ್ಟೆವು, ಇರಾನಿನ ದೊರೆ ಷಾ ಬಳಿ ಹಣ ಸುರಿಯಿತು. ಆ ಹಣದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಬೇಕೆಂದು ಆತ ಹೊರಟ, ಅದಿರು ಬೇಕಿತ್ತು. ಅದಿರು ಇದ್ದದ್ದು ಕುದುರೆಮುಖದಲ್ಲಿ. 1975ರಲ್ಲಿ ಒಪ್ಪಂದವಾಯಿತು, 1976ರ ಏಪ್ರಿಲ್‌ನಲ್ಲಿ ಕಂಪನಿ ಶುರುವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, ನಾವು ವರ್ಷಕ್ಕೆ 75 ಲಕ್ಷ ಟನ್ ಅದಿರು ಕೊಡಬೇಕು. ಕಾಡಿನ ನಡುವೆ ಊರು ಎದ್ದಿತು, ಲಕ್ಯಾ ಹೊಳೆಗೆ ಅಣೆಕಟ್ಟು ಬಂತು, ಅದಿರಿನ ರಾಡಿ ಹರಿದುಹೋಗಲು ಘಟ್ಟ ಇಳಿದು ಮಂಗಳೂರಿನವರೆಗೆ 67 ಕಿಲೊಮೀಟರ್ ಕೊಳವೆ ಹಾಕಿದರು.

1979ರ ಜನವರಿಯಲ್ಲಿ ಷಾ ದೇಶ ಬಿಟ್ಟು ಓಡಿದ. ಫೆಬ್ರವರಿ 1ಕ್ಕೆ ಕ್ರಾಂತಿಯ ನಾಯಕ ಖೊಮೇನಿ ಬಂದಿಳಿದರು. ಸಾಲ ನಡುವಿನಲ್ಲೇ ನಿಂತಿತು, ಕೊಳ್ಳುವವನೂ ಇಲ್ಲ. ಉಳಿದ ಹಣವನ್ನು ಭಾರತ ಸರ್ಕಾರವೇ ಹಾಕಿ 1980ರಲ್ಲಿ ಕಾರ್ಖಾನೆ ಶುರು ಮಾಡಿತು, ಮಾಡಿಟ್ಟ ಅದಿರಿಗೆ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿಕೊಂಡು ಅಲೆಯಿತು. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ನಮ್ಮ ಚಿಕ್ಕಪ್ಪ ಅಲ್ಲಿ ಕೆಲಸಕ್ಕಿದ್ದರು. ತೆಹರಾನಿನಲ್ಲಿ ಮೆರವಣಿಗೆ ನಡೆದ ಸುದ್ದಿ ರೇಡಿಯೊದಲ್ಲಿ ಬಂದಾಗ ಕಳಸದ ಅಂಗಡಿಯವರು ಸಾಲದ ಪುಸ್ತಕ ತೆಗೆದು ನೋಡುತ್ತಿದ್ದರು ಎಂದು ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ, ಜಾಗತಿಕ ಅರ್ಥವ್ಯವಸ್ಥೆ ಎಂಬ ಪಾಠಕ್ಕೆ ನನಗೆ ಅಷ್ಟು ಸಾಕು.

ಅರಸೀಕೆರೆ ಜಂಕ್ಷನ್

1975 ಎಂದರೆ ತುರ್ತು ಪರಿಸ್ಥಿತಿ. ಆಮೇಲೆ 1978ರಲ್ಲಿ ಇಂದಿರಾ ಗಾಂಧಿಯವರು ನಿಮ್ಮ ಚಿಕ್ಕಮಗಳೂರಿಗೇ ಬಂದು ಗೆದ್ದರು. ಆ ಉಪಚುನಾವಣೆಯ ಸಮಯದಲ್ಲಿ ಕಡೂರು ದಾರಿಯಲ್ಲಿ ಕಂಡಷ್ಟು ಜೀಪುಗಳನ್ನು ನಾನು ಮತ್ತೆ ಕಂಡಿಲ್ಲ.

ಕಳಸದ ಮಳೆ

ಗೆದ್ದರು, ಮುಂದಿನ ತಿಂಗಳೇ ಲೋಕಸಭೆಯಿಂದ ಉಚ್ಚಾಟನೆಯೂ ಆಯಿತು. ವೀರೇಂದ್ರ ಪಾಟೀಲರು ಸೋತ ಕಥೆಗೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ.

ಚನ್ನರಾಯಪಟ್ಟಣದ ತೆಂಗು

ನೀವೆಲ್ಲ ಎಲ್ಲವನ್ನೂ ಹಾಸನ, ಚಿಕ್ಕಮಗಳೂರಿಗೆ ತಂದು ಕಟ್ಟುತ್ತಿದ್ದೀರಿ. ಇದರಲ್ಲಿ ಒಂದು ಅಪಾಯ ಇದೆ. ನಮ್ಮೂರಿಗೆ ನಂಟು ಇಲ್ಲದ್ದು ಮುಖ್ಯವಲ್ಲ ಎಂದು ಮಗು ತಿಳಿಯುತ್ತದೆ. ಯಹೂದಿಗಳ ನರಮೇಧಕ್ಕೆ ಇಲ್ಲಿ ಯಾವ ಕೋಟೆ ತೋರಿಸುತ್ತೀರಿ? ಬಿಟ್ಟುಬಿಡುತ್ತೀರಾ? ಅದನ್ನು ಬಿಟ್ಟದ್ದರ ಫಲವೇ ಇಂದು ಹಿಟ್ಲರ್ ಶಿಸ್ತಿನ ಮನುಷ್ಯ, ದೇಶ ಕಟ್ಟಿದವನು ಎಂದು ಕಾಲೇಜು ಹುಡುಗರು ಹೇಳಿಕೊಂಡು ತಿರುಗುವುದು.

ತರೀಕೆರೆ ತಿರುವು

ಹಿಟ್ಲರ್ ಕೆಟ್ಟವನೇ. ಆದರೆ ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದ ಜರ್ಮನಿಗೆ ಅವಮಾನ ಮಾಡಿತು, ಹಣದುಬ್ಬರದಿಂದ ಜನ ಸತ್ತರು, ಅದಕ್ಕೆ ಅವನನ್ನು ಆರಿಸಿದರು. ನಮ್ಮ ಮೇಷ್ಟ್ರು ಹಾಗೆಯೇ ಹೇಳಿದ್ದು.

ಚನ್ನರಾಯಪಟ್ಟಣದ ತೆಂಗು

ಇದನ್ನೇ ಹಳೇಬೀಡಿನವರು ಹೇಳಿದಂತೆ ಇಸವಿ ಸಾಲಾಗಿ ಇಟ್ಟು ನೋಡಿ. ಒಪ್ಪಂದ 1919. ಡಾಲರಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಮಾರ್ಕ್ ಕೊಡಬೇಕಾದ ಹಣದುಬ್ಬರ 1923ರದ್ದು. ಅದೇ ವರ್ಷ ಹಿಟ್ಲರ್ ದಂಗೆ ಎಬ್ಬಿಸಿ ಸೋತು ಜೈಲಿಗೆ ಹೋದ. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇಕಡಾ 2.6 ಮತ, 12 ಸ್ಥಾನ. ಅವಮಾನವೇ ಕಾರಣವಾಗಿದ್ದರೆ ಆ ಒಂಬತ್ತು ವರ್ಷ ಜನ ಏನು ಮಾಡುತ್ತಿದ್ದರು? 1929ರ ಕುಸಿತ ಬಂತು, 1930ರಲ್ಲಿ 107 ಸ್ಥಾನ. ನಿರುದ್ಯೋಗಿಗಳು 60 ಲಕ್ಷದ ಹತ್ತಿರ ಬಂದ 1932ರ ಜುಲೈನಲ್ಲಿ 230 ಸ್ಥಾನ, ಶೇಕಡಾ 37 ಮತ. ಅದೇ ನವೆಂಬರ್‌ನಲ್ಲಿ 196ಕ್ಕೆ ಇಳಿಯಿತು. ಎಂದರೆ ಬಹುಮತ ಎಂದೂ ಸಿಕ್ಕಿರಲಿಲ್ಲ, ಇಳಿಮುಖವಾಗಿತ್ತು. ಅಂಥ ಹೊತ್ತಿನಲ್ಲಿ, ಇವನನ್ನು ನಾವು ಹಿಡಿತದಲ್ಲಿಟ್ಟುಕೊಳ್ಳಬಹುದು ಎಂದು ನಂಬಿದ ಕೆಲವು ರಾಜಕಾರಣಿಗಳು ಅಧ್ಯಕ್ಷ ಹಿಂಡೆನ್‌ಬರ್ಗ್‌ಗೆ ಹೇಳಿ 1933ರ ಜನವರಿ 30ರಂದು ಚಾನ್ಸಲರ್, ಎಂದರೆ ಸರ್ಕಾರದ ಮುಖ್ಯಸ್ಥ, ಮಾಡಿಸಿದರು.

ಜನ ಆರಿಸಿದರು ಎಂಬ ಒಂದು ವಾಕ್ಯದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಮಕ್ಕಳಿಗೆ ಇಸವಿ ಬೇಡ, ಕಥೆ ಸಾಕು ಎನ್ನುವವರೊಂದಿಗೆ ನನ್ನ ಜಗಳ ಇರುವುದು ಇಲ್ಲೇ. ಇಸವಿ ಇಲ್ಲದ ಕಥೆಯನ್ನು ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ತಿರುಗಿಸಬಹುದು.

ಮಲೆನಾಡ ಮೇಷ್ಟ್ರು (ಮೂಡಿಗೆರೆ)

ತೆಂಗಿನವರ ಸ್ಥಾನಗಳ ಲೆಕ್ಕವನ್ನು ನಾಳೆ ಬೋರ್ಡಿನ ಮೇಲೆ ಬರೆಯುತ್ತೇನೆ. 12, 107, 230, 196. ಪಕ್ಕದಲ್ಲಿ ಇಸವಿ ಬರೆದು, ಎಲ್ಲಿ ಏನಾಯಿತು ಹೇಳಿ ಎಂದು ಮಕ್ಕಳನ್ನೇ ಕೇಳುತ್ತೇನೆ. ನಮ್ಮ ಮಕ್ಕಳಿಗೆ ಚುನಾವಣೆಯ ಲೆಕ್ಕ ಎಂದರೆ ಪಂಚಾಯಿತಿ ಮಟ್ಟದಿಂದಲೂ ಅಭ್ಯಾಸ.

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ಧನ್ಯವಾದ. ಜಂಕ್ಷನ್ ಅವರ ಜುಲೈ ತಿಂಗಳ ವಿವರವನ್ನು ಮಗಳಿಗೆ ಓದಿ ಹೇಳಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನೇ ಗೀಟು ಹಾಕಿ, ಜೂನ್ 28ರಿಂದ ಆಗಸ್ಟ್ 4ರವರೆಗೆ ಯಾರು ಯಾರ ಮೇಲೆ ಎಂದು ಬಾಣ ಎಳೆದಳು. ಜೂನ್ 28 ಮತ್ತು ಜುಲೈ 23ರ ನಡುವೆ ಖಾಲಿ ಜಾಗ ಉಳಿಯಿತು. "ಇಷ್ಟು ದಿನ ಸುಮ್ಮನಿದ್ದರಲ್ಲ, ಯಾರೂ ತಡೆಯಲು ಆಗಲಿಲ್ಲವಾ?" ಎಂದು ಕೇಳಿದಳು. ಇನ್ನೊಂದು ಪ್ರಶ್ನೆಯೂ ಇದೆ: ನಮ್ಮವರು ಇಷ್ಟು ಜನ ಹೋಗಿ ಹೋರಾಡಿದರಲ್ಲ, ಒಪ್ಪಂದದಲ್ಲಿ ನಮಗೆ ಏನು ಸಿಕ್ಕಿತು?

ಅರಸೀಕೆರೆ ಜಂಕ್ಷನ್

ಮೊದಲನೆಯದಕ್ಕೆ: ಸುಮ್ಮನಿರಲಿಲ್ಲ. ಆ ದಿನಗಳಲ್ಲಿ ಆಸ್ಟ್ರಿಯಾ ಜರ್ಮನಿಗೆ ಹೋಗಿ ಬೆಂಬಲ ಖಚಿತಪಡಿಸಿಕೊಂಡಿತು. ಏನೇ ಮಾಡಿ, ನಿಮ್ಮ ಹಿಂದೆ ಇದ್ದೇವೆ ಎಂದು ಜರ್ಮನಿ ಮಾತು ಕೊಟ್ಟಿತು. ಖಾಲಿ ಜಾಗದಲ್ಲಿ ಜುಲೈ 5 ಎಂದು ಬರೆಸಿ.

ಎರಡನೆಯದಕ್ಕೆ: 13 ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಿಗೆ ಹೋದರು, 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೈಸೂರು ಸಂಸ್ಥಾನದ ಲ್ಯಾನ್ಸರ್‌ಗಳು, ಎಂದರೆ ಈಟಿ ಹಿಡಿದ ಕುದುರೆ ಸವಾರರು, ಜೋಧಪುರದವರ ಜೊತೆ 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ನಗರವನ್ನು ಹಿಡಿದರು. ಎದುರಿಗಿದ್ದದ್ದು ಮೆಷಿನ್ ಗನ್, ಇವರ ಕೈಯಲ್ಲಿ ಈಟಿ. ಅವರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ.

ಹಳೇಬೀಡು ಹಾದಿ

ಸಿಕ್ಕಿದ್ದು ಏನೆಂದರೆ, ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಪ್ರತ್ಯೇಕ ಸಹಿ ಬಿತ್ತು. ಹಾಕಿದವರು ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾ ಸಿಂಗ್. ರಾಷ್ಟ್ರಸಂಘದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು, ಸ್ವತಂತ್ರವಲ್ಲದ ದೇಶ! ಅದೇ 1919ರಲ್ಲಿ ಮಾರ್ಚ್‌ನಲ್ಲಿ ರೌಲಟ್ ಕಾಯ್ದೆ, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾಬಾಗ್, ಜೂನ್ 28ಕ್ಕೆ ಆ ಸಹಿ. ನಿಮ್ಮ ಮಗಳ ಕ್ಯಾಲೆಂಡರಿಗೆ ಇನ್ನೊಂದು ಹಾಳೆ ಬೇಕಾಗುತ್ತದೆ.

ಹತ್ತನೇ ಬಿ ವಿಭಾಗ

ಜೂನ್ 28 ಎರಡು ಸಲ ಬಂತು. ಕೊಲೆಯೂ ಅದೇ ದಿನ, ಒಪ್ಪಂದವೂ ಅದೇ ದಿನ. ಐದು ವರ್ಷ. ಇದು ಒಂದು ಅಂಕದ ಪ್ರಶ್ನೆಗೆ ಬರುತ್ತದೆಯೇ ಮೇಷ್ಟ್ರೇ?

ಮಲೆನಾಡ ಮೇಷ್ಟ್ರು (ಮೂಡಿಗೆರೆ)

ಬರುವುದಿಲ್ಲ. ಆದರೆ ಇಸವಿ ಕಷ್ಟ ಎಂದವನು ನೀನೇ ತಾನೇ?